ಸಕ್ಕರೆ ಬಿಟ್ಟರೂ ಯೀಸ್ಟ್ ಬಿಡುತ್ತಿಲ್ಲ. ಇದು ಎಲ್ಲಿಂದ ಬರುತ್ತಿದೆ?

ನಿದ್ದೆಗೆಟ್ಟವಳು:

ಮುಜುಗರದ ವಿಷಯ. ಆದರೆ ಇನ್ನು ಸುಮ್ಮನಿರಲು ಆಗುವುದಿಲ್ಲ. ನನಗೆ 38 ವರ್ಷ. ಹನ್ನೊಂದು ತಿಂಗಳಲ್ಲಿ ಇದು ಐದನೇ ಸಲ. ಕೆಳಗೆ ತುರಿಕೆ, ಉರಿ, ಒಡೆದ ಮೊಸರಿನ ಹಾಗೆ ಬಿಳಿ ಸೆರಗು. ಹಗಲಲ್ಲಿ ಹೇಗೋ ಕೆಲಸದ ನಡುವೆ ಮರೆಯುತ್ತೇನೆ. ರಾತ್ರಿ ಎರಡು ಗಂಟೆಗೆ ಎಬ್ಬಿಸಿ ಕೂರಿಸುತ್ತದೆ.

ಮೊದಲ ಸಲ ಡಾಕ್ಟರ್ ಹತ್ತಿರ ಹೋಗಿದ್ದೆ. ನೋಡಿದ ತಕ್ಷಣ ಯೀಸ್ಟ್ ಅಂದರು, ಒಂದೇ ಒಂದು ಮಾತ್ರೆ ಕೊಟ್ಟರು. ಮೂರು ದಿನಕ್ಕೆ ಎಲ್ಲ ಸರಿಹೋಯಿತು. ಆಮೇಲಿನ ನಾಲ್ಕು ಸಲ, ಮತ್ತೆ ಯಾರು ಹೋಗಿ ಕಾಯುತ್ತಾರೆ ಅಂತ, ಔಷಧಿ ಅಂಗಡಿಯಲ್ಲೇ ಕೇಳಿ ಒಂದು ಟ್ಯೂಬು ತಂದೆ. ರಾತ್ರಿ ಹಚ್ಚಿದರೆ ಬೆಳಗಾಗುವಷ್ಟರಲ್ಲಿ ತಣ್ಣಗಾಗಿರುತ್ತದೆ. ವಾರದಲ್ಲಿ ಹೋಗಿಬಿಡುತ್ತದೆ. ಒಂದೆರಡು ತಿಂಗಳು ಕಳೆದು ಮತ್ತೆ ಹಾಜರು.

ನನ್ನ ಗೆಳತಿಯೊಬ್ಬಳು, ಇದು ಬರೀ ಅಲ್ಲಿನ ತೊಂದರೆ ಅಲ್ಲ, ನಿನ್ನ ಕರುಳು, ರಕ್ತ, ಎಲ್ಲ ಕಡೆ ಯೀಸ್ಟ್ ತುಂಬಿದೆ ಅಂದಳು. ಬೆಳಗ್ಗೆ ಎದ್ದ ಕೂಡಲೇ ಗಾಜಿನ ಲೋಟದ ನೀರಿಗೆ ಉಗುಳಿ ನೋಡು, ಎಳೆ ಎಳೆಯಾಗಿ ಕೆಳಗಿಳಿದರೆ ಗ್ಯಾರಂಟಿ ಅಂದಳು. ಮಾಡಿದೆ. ಇಳಿಯಿತು. ಜೀವ ಬಾಯಿಗೆ ಬಂತು. ಅವತ್ತಿಂದ ಸಕ್ಕರೆ ಬಿಟ್ಟೆ, ಬ್ರೆಡ್ ಬಿಟ್ಟೆ, ಹಣ್ಣು ಕೂಡ ಬಿಟ್ಟೆ. ನಾಲ್ಕು ಕಿಲೋ ಇಳಿದೆ. ಮನೆಯವರ ಮೇಲೆಲ್ಲ ಸಿಡುಕುತ್ತಿದ್ದೆ. ಆರನೇ ವಾರದಲ್ಲಿ ಐದನೇ ಸಲ ಬಂತು. ಅವತ್ತು ಬಚ್ಚಲುಮನೆಯಲ್ಲಿ ಕೂತು ಅತ್ತುಬಿಟ್ಟೆ.

ನನ್ನ ಪ್ರಶ್ನೆ ಒಂದೇ. ಇದು ಎಲ್ಲಿಂದ ಬರುತ್ತಿದೆ? ಗಂಡನಿಂದ ಅನ್ನೋಣ ಅಂದರೆ ಅವರಿಗೆ ಏನೂ ಇಲ್ಲ. ಸ್ವಚ್ಛತೆ ಸಾಲದು ಅನ್ನೋಣ ಅಂದರೆ ದಿನಕ್ಕೆ ಎರಡು ಸಲ, ಅದಕ್ಕಂತಲೇ ಬರುವ ಸುವಾಸನೆಯ ವಾಶ್ ಹಾಕಿ ತೊಳೆಯುತ್ತೇನೆ. ಇನ್ನೇನು ತಪ್ಪು ಮಾಡುತ್ತಿದ್ದೇನೆ?


ಗೊಗ್ಗರುದನಿ:

ಅಯ್ಯೋ, ನಿಮ್ಮ ಗೋಳು ಅರ್ಥವಾಗುತ್ತದೆ. ನನ್ನದು ಬಾಯಿಯ ಯೀಸ್ಟ್. ನಾಲಿಗೆ, ಕೆನ್ನೆಯ ಒಳಗೆಲ್ಲ ಬಿಳಿ ಪದರ. ಚಮಚದಿಂದ ಕೆರೆದರೆ ಅಡಿಯಲ್ಲಿ ಕೆಂಪಗೆ ಹಸಿ ಗಾಯ. ನಾನೂ ನಿಮ್ಮ ಹಾಗೆ ಊಟ, ತಿಂಡಿಯ ಮೇಲೆ ಅನುಮಾನ ಪಟ್ಟು ಒಂದೊಂದೇ ಬಿಡುತ್ತಾ ಹೋದೆ. ಕೊನೆಗೆ ಕಾರಣ ನನ್ನ ಅಸ್ತಮಾ ಇನ್‌ಹೇಲರ್!

ಅದರಲ್ಲಿ ಸ್ಟೀರಾಯ್ಡ್ ಇರುತ್ತದೆ. ಶ್ವಾಸಕೋಶಕ್ಕೆ ಹೋಗಬೇಕಾದ ಪುಡಿಯಲ್ಲಿ ಒಂದಷ್ಟು ಗಂಟಲಲ್ಲೇ ಕೂತುಬಿಡುತ್ತದೆ. ಅಲ್ಲಿನ ಕಾವಲು ಮಂಕಾಗುತ್ತದೆ, ಯೀಸ್ಟ್ ಬೆಳೆಯುತ್ತದೆ. ಎಳೆದುಕೊಂಡ ಮೇಲೆ ಬಾಯಿ ಮುಕ್ಕಳಿಸಿ ಉಗುಳಬೇಕು ಅಂತ ಎರಡು ವರ್ಷ ನನಗೆ ಯಾರೂ ಹೇಳಿರಲಿಲ್ಲ. ಹೇಳಿದ್ದರೂ ನಾನು ಕೇಳಿಸಿಕೊಂಡಿರಲಿಲ್ಲವೋ ಏನೋ. ಈಗ ಮುಕ್ಕಳಿಸುತ್ತೇನೆ. ಸ್ಪ್ರೇ ಥರದ ಇನ್‌ಹೇಲರಿಗೆ ಬದಲಾಯಿಸಿ, ಅದಕ್ಕೆ ಸ್ಪೇಸರ್ ಅನ್ನುವ ಡಬ್ಬಿ ಹಾಕಿಕೊಂಡು ಎಳೆಯುತ್ತೇನೆ. ಆಮೇಲೆ ಬಂದಿಲ್ಲ. ದನಿ ಮಾತ್ರ ಇನ್ನೂ ಸ್ವಲ್ಪ ಗೊಗ್ಗರು.

ನಿಮಗೆ ಅಸ್ತಮಾ ಇಲ್ಲ ಅಂದುಕೊಳ್ಳುತ್ತೇನೆ. ಆದರೂ ಈ ಹನ್ನೊಂದು ತಿಂಗಳಲ್ಲಿ ಯಾವ ಯಾವ ಔಷಧಿ ಒಳಗೆ ಹೋಯಿತು ಅಂತ ಒಂದು ಚೀಟಿ ಬರೆದು ನೋಡಿ.


ಗಾಜಿನಪಟ್ಟಿ:

ನಾನು ಡಾಕ್ಟರ್ ಅಲ್ಲ. ಮೈಕ್ರೋಬಯಾಲಜಿ ಲ್ಯಾಬಿನಲ್ಲಿ 26 ವರ್ಷ ಸ್ಲೈಡ್ ನೋಡಿ ಕುತ್ತಿಗೆ ಹಿಡಿಸಿಕೊಂಡವನು. ಹಾಗಾಗಿ ಔಷಧಿ ಬರೆದುಕೊಡುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ತೊಡಕಿದೆ, ಅದನ್ನು ಮೊದಲು ಬಿಡಿಸೋಣ.

ಎಲ್ಲಿಂದ ಬರುತ್ತಿದೆ ಅಂತ ಕೇಳಿದ್ದೀರಿ. ಅದು ಬರುತ್ತಿಲ್ಲ. ಇದೆ. ಕ್ಯಾಂಡಿಡಾ ಆಲ್ಬಿಕನ್ಸ್ ಅನ್ನುವ ಈ ಯೀಸ್ಟ್ ಬಹಳಷ್ಟು ಆರೋಗ್ಯವಂತರ ಬಾಯಿ, ಕರುಳುಗಳಲ್ಲಿ ಇರುತ್ತದೆ. ಯಾವ ತೊಂದರೆಯೂ ಇಲ್ಲದ ಹೆಂಗಸರನ್ನು ಪರೀಕ್ಷೆ ಮಾಡಿದರೂ 100ಕ್ಕೆ 10ರಿಂದ 20 ಜನರ ಯೋನಿಯಲ್ಲಿ ಸಿಗುತ್ತದೆ. ಅವರಿಗೆ ತುರಿಕೆ ಇಲ್ಲ, ಔಷಧಿಯೂ ಬೇಕಿಲ್ಲ. ಬೆಳೆ ದಟ್ಟವಾಗಿರುವ ಹೊಲದಲ್ಲಿ ಕಳೆಯ ಬೀಜ ಇರುವುದಿಲ್ಲವೇ? ಇರುತ್ತದೆ, ತಲೆ ಎತ್ತುವುದಿಲ್ಲ ಅಷ್ಟೆ. ಹಾಗಾಗಿ ಬೀಜ ಎಲ್ಲಿಂದ ಬಂತು ಅಂತ ಹುಡುಕಿ ಲಾಭವಿಲ್ಲ. ಹೊಲದಲ್ಲಿ ಏನು ಬದಲಾಯಿತು ಅಂತ ನೋಡಬೇಕು.

ಬದಲಾಯಿಸುವವರಲ್ಲಿ ಮೊದಲನೆಯದು ಆಂಟಿಬಯೋಟಿಕ್. ಅದು ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಯೀಸ್ಟ್ ಬ್ಯಾಕ್ಟೀರಿಯಾ ಅಲ್ಲ, ಫಂಗಸ್. ಅದರ ಗೋಡೆಯ ಇಟ್ಟಿಗೆಯೇ ಬೇರೆ. ಪೆನಿಸಿಲಿನ್ ಥರದ ಔಷಧಿಗೆ ಅಲ್ಲಿ ಹಿಡಿಯಲು ಏನೂ ಸಿಗುವುದಿಲ್ಲ. ಪಕ್ಕದಲ್ಲಿದ್ದ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತದೆ, ಜಾಗ ಖಾಲಿಯಾಗುತ್ತದೆ, ಯೀಸ್ಟ್ ಹರಡಿಕೊಳ್ಳುತ್ತದೆ.

ಆ ಒಳ್ಳೆಯ ಬ್ಯಾಕ್ಟೀರಿಯಾದ ಹೆಸರು ಲ್ಯಾಕ್ಟೋಬ್ಯಾಸಿಲಸ್. ಹುಳಿ ಮಾಡುವುದೇ ಅದರ ಕೆಲಸ. ಯೋನಿಯ ಪಿಎಚ್ (ಹುಳಿಯ ಅಳತೆ, ಅಂಕಿ ಇಳಿದಷ್ಟೂ ಹುಳಿ ಹೆಚ್ಚು) 3.8ರಿಂದ 4.5ರ ನಡುವೆ ಇರುವುದು ಅದರಿಂದಲೇ. ಇಲ್ಲಿಯವರೆಗೆ ಎಲ್ಲರೂ ಹೇಳುತ್ತಾರೆ. ಆದರೆ ಆ ಹುಳಿ ಯೀಸ್ಟನ್ನು ಕೊಲ್ಲುತ್ತದೆ ಅನ್ನುವುದು ಪೂರ್ತಿ ನಿಜವಲ್ಲ. ಯೀಸ್ಟ್‌ಗೆ ಹುಳಿ ಅಷ್ಟೇನೂ ಕಷ್ಟ ಕೊಡುವುದಿಲ್ಲ. ಯೀಸ್ಟ್ ಇನ್‌ಫೆಕ್ಷನ್ ಆದಾಗಲೂ ಪಿಎಚ್ ಸಾಮಾನ್ಯವಾಗಿ ಮಾಮೂಲಿನಂತೆಯೇ ಇರುತ್ತದೆ. ಅದು 4.5 ದಾಟಿದ್ದರೆ ನಾವು ಬೇರೆ ಕಾಯಿಲೆಯನ್ನು ಯೋಚಿಸುತ್ತೇವೆ. ಆಂಟಿಬಯೋಟಿಕ್ ನುಂಗಿದವರೆಲ್ಲರಿಗೂ ಯೀಸ್ಟ್ ಏಳುವುದಿಲ್ಲ ಅನ್ನುವುದೂ ನೆನಪಿರಲಿ.

ಎರಡನೆಯದು ಈಸ್ಟ್ರೋಜನ್. ಈ ಹಾರ್ಮೋನ್ ಯೋನಿಯ ಒಳಪದರದಲ್ಲಿ ಗ್ಲೈಕೋಜನ್ ತುಂಬಿಸುತ್ತದೆ. ಅದು ಕೂಡಿಟ್ಟ ಸಕ್ಕರೆ ಇದ್ದ ಹಾಗೆ. ಬಸಿರಿಯರಲ್ಲಿ ಯೀಸ್ಟ್ ಜಾಸ್ತಿ ಕಾಣುವುದು, ಮೈನೆರೆಯುವ ಮೊದಲು ಮತ್ತು ಮುಟ್ಟು ನಿಂತ ಮೇಲೆ ಕಡಿಮೆ ಇರುವುದು ಇದರಿಂದಲೇ. ಮೂರನೆಯದು ರಕ್ತದಲ್ಲಿ ಸಕ್ಕರೆ ಹತೋಟಿ ತಪ್ಪುವುದು. ನಾಲ್ಕನೆಯದು ದೇಹದ ಕಾವಲು ಕುಗ್ಗುವುದು: ಸ್ಟೀರಾಯ್ಡ್ ಮಾತ್ರೆ, ಕೀಮೋ, ಎಚ್‌ಐವಿ. ದೊಡ್ಡವರ ಬಾಯಲ್ಲಿ ಇನ್‌ಹೇಲರ್, ಕಟ್ಟಿಸಿದ ಹಲ್ಲು, ಆಂಟಿಬಯೋಟಿಕ್ ಯಾವುದೂ ಇಲ್ಲದೆ ಯೀಸ್ಟ್ ಕಂಡರೆ ಎಚ್‌ಐವಿ ಪರೀಕ್ಷೆ ಮಾಡಿಸುವುದು ಜಾಣತನ.

ಇನ್ನೊಂದು ವಿಷಯ ನನಗೆ ಬಹಳ ಹಿಡಿಸುತ್ತದೆ, ಅದನ್ನು ಹೇಳದೆ ಇರಲಾರೆ. ಈ ಯೀಸ್ಟ್‌ಗೆ ಎರಡು ವೇಷ. ಒಂದು ದುಂಡಗೆ, ಮೊಗ್ಗು ಬಿಟ್ಟ ಮಣಿಯ ಹಾಗೆ. ಇನ್ನೊಂದು ದಾರದ ಹಾಗೆ ಉದ್ದ. ದುಂಡಗಿದ್ದಾಗ ಪಾಪದ್ದು. ದಾರವಾದಾಗ ಒಳಪದರದೊಳಕ್ಕೆ ತೂರುತ್ತದೆ. ಆಗ ಅದು ಜೀವಕೋಶವನ್ನು ತೂತು ಮಾಡುವ ಒಂದು ವಿಷವನ್ನೂ ಬಿಡುತ್ತದೆ ಅಂತ 2016ರಲ್ಲಿ ಗೊತ್ತಾಯಿತು, ಕ್ಯಾಂಡಿಡಾಲೈಸಿನ್ ಅಂತ ಹೆಸರಿಟ್ಟರು. ಲ್ಯಾಬಿನಲ್ಲಿ ನಾವು ಈ ವೇಷ ಬದಲಾವಣೆಯನ್ನೇ ಪರೀಕ್ಷೆಯಾಗಿ ಬಳಸುತ್ತಿದ್ದೆವು. ಒಂದಿಷ್ಟು ಯೀಸ್ಟನ್ನು ಸೀರಮ್‌ಗೆ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿಗೆ) ಹಾಕಿ 37 ಡಿಗ್ರಿಯಲ್ಲಿ ಇಟ್ಟರೆ, ಎರಡು ಮೂರು ಗಂಟೆಯಲ್ಲಿ ಆಲ್ಬಿಕನ್ಸ್ ಬಾಲ ಚಾಚುತ್ತದೆ. ಊಟ ಮುಗಿಸಿ ಬರುವಷ್ಟರಲ್ಲಿ ಬಾಲ ಬಂದಿರುತ್ತಿತ್ತು. ಎಷ್ಟು ಸಲ ನೋಡಿದರೂ ನನಗೆ ಬೇಸರವಾಗಲಿಲ್ಲ.

ತುರಿಕೆಯಲ್ಲಿ ದೊಡ್ಡ ಪಾಲು ನಮ್ಮ ದೇಹದ್ದೇ. ದಾರವನ್ನು ಕಂಡು ಬಿಳಿ ರಕ್ತಕಣಗಳು ಓಡಿ ಬರುತ್ತವೆ, ಗಲಾಟೆ ಎಬ್ಬಿಸುತ್ತವೆ. ಅದಕ್ಕೇ ಒಂದೇ ಪ್ರಮಾಣದ ಯೀಸ್ಟ್ ಇದ್ದರೂ ಒಬ್ಬಳು ಆರಾಮಾಗಿರುತ್ತಾಳೆ, ಇನ್ನೊಬ್ಬಳು ಎರಡು ಗಂಟೆಗೆ ಎದ್ದು ಕೂರುತ್ತಾಳೆ.

ಈಗ ನಿಮಗೆ ನಾಲ್ಕು ಪ್ರಶ್ನೆ. ಈ ಹನ್ನೊಂದು ತಿಂಗಳಲ್ಲಿ ಆಂಟಿಬಯೋಟಿಕ್ ಏನಾದರೂ? ಶುಗರ್ ಕೊನೆಯ ಸಲ ನೋಡಿದ್ದು ಯಾವಾಗ? ಐದು ಸಲದಲ್ಲಿ ಎಷ್ಟು ಸಲ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಿದರು? ಆ ಟ್ಯೂಬಿನ ಮೇಲೆ ಏನು ಬರೆದಿದೆ? ಕೊನೆಯದು ಮುಖ್ಯ. ಬರೀ ಯೀಸ್ಟ್ ಔಷಧಿಯಾದರೆ ಸಾಮಾನ್ಯವಾಗಿ ಒಂದು ರಾತ್ರಿಯಲ್ಲಿ ತಣ್ಣಗಾಗುವುದಿಲ್ಲ. ಎರಡು ಮೂರು ದಿನ ಬೇಕು.


ಹಸಿರುಹಾದಿ:

ಮೇಲಿನವರು ಪುಸ್ತಕದ ಮಾತು ಹೇಳಿದ್ದಾರೆ. ಅನುಭವದ ಮಾತು ನಾನು ಹೇಳುತ್ತೇನೆ. ನನಗೆ ವರ್ಷಗಟ್ಟಲೆ ಸುಸ್ತು, ಹೊಟ್ಟೆ ಉಬ್ಬರ, ತಲೆ ಮಂಕು. ಒಬ್ಬ ಚಿಕಿತ್ಸಕರು ಮಲ ಪರೀಕ್ಷೆ ಮಾಡಿಸಿ ಕ್ಯಾಂಡಿಡಾ ಪಾಸಿಟಿವ್ ಅಂದರು. ಮೂರು ತಿಂಗಳು ಸಕ್ಕರೆ, ಮೈದಾ, ಹುದುಗಿದ್ದು ಎಲ್ಲ ಬಂದ್. ಮೊದಲ ವಾರ ವಿಪರೀತ ತಲೆನೋವು. ಯೀಸ್ಟ್ ಸಾಯುವಾಗ ವಿಷ ಬಿಡುತ್ತದೆ, ಅದು ಒಳ್ಳೆಯ ಲಕ್ಷಣ ಅಂದರು. ಈಗ ನಾನು ಹೊಸ ಮನುಷ್ಯಳು. ನೀವು ಆರು ವಾರಕ್ಕೇ ಬಿಟ್ಟಿರಿ, ಅದೇ ತಪ್ಪು.


ಗಾಜಿನಪಟ್ಟಿ:

ಹಸಿರುಹಾದಿಯವರೇ, ನೀವು ಚೆನ್ನಾಗಿದ್ದೀರಿ ಅನ್ನುವುದನ್ನು ನಾನು ಅಲ್ಲಗಳೆಯುವುದಿಲ್ಲ. ಮೂರು ತಿಂಗಳು ಸಕ್ಕರೆ, ಮೈದಾ ಬಿಟ್ಟರೆ ಬಹಳ ಜನ ಚೆನ್ನಾಗಿಯೇ ಆಗುತ್ತಾರೆ. ಅದರ ಕೀರ್ತಿ ಯೀಸ್ಟ್ ಸತ್ತದ್ದಕ್ಕೆ ಯಾಕೆ ಅಂತಷ್ಟೇ ನನ್ನ ತಕರಾರು.

ಮಲದಲ್ಲಿ ಕ್ಯಾಂಡಿಡಾ ಸಿಕ್ಕಿತು ಅಂದರೆ ಕರುಳಿನಲ್ಲಿ ಇರಬೇಕಾದ್ದು ಸಿಕ್ಕಿತು ಅಂತ. ಆ ಪರೀಕ್ಷೆಯಿಂದ ಕಾಯಿಲೆ ಇದೆ ಅಂತ ಹೇಳಲು ಬರುವುದಿಲ್ಲ. ಇನ್ನು ಉಗುಳಿನ ಪರೀಕ್ಷೆ. ಎಂಜಲಿನಲ್ಲಿ ಮ್ಯೂಸಿನ್ ಅನ್ನುವ ಅಂಟು ಪದಾರ್ಥ ಇರುತ್ತದೆ. ರಾತ್ರಿಯೆಲ್ಲ ಒಣಗಿದ ಬಾಯಲ್ಲಿ ಅದು ಇನ್ನೂ ಗಟ್ಟಿ. ನೀರಿಗೆ ಬಿದ್ದರೆ ಎಳೆಯಾಗಿ ಇಳಿಯುವುದು ಅದೇ. ನಮ್ಮ ಲ್ಯಾಬಿನಲ್ಲಿ ಒಂದು ದಿನ ಕೆಲಸವಿಲ್ಲದ ಹೊತ್ತಲ್ಲಿ ಆರು ಜನ ಉಗುಳಿ ನೋಡಿದೆವು. ಐದು ಲೋಟದಲ್ಲಿ ಎಳೆ. ಆರನೆಯವನು ಆಗಷ್ಟೇ ಒಂದು ಬಾಟಲಿ ನೀರು ಕುಡಿದಿದ್ದ.

ಸುಸ್ತು, ಮಂಕು, ತಲೆನೋವು ಎಲ್ಲಕ್ಕೂ ಯೀಸ್ಟೇ ಕಾರಣ ಅನ್ನುವ ಮಾತು ಅಮೆರಿಕದಲ್ಲಿ 1980ರ ದಶಕದಲ್ಲಿ ಜೋರಾಗಿ ಹಬ್ಬಿತು. ಅದನ್ನು ಪರೀಕ್ಷೆಗೂ ಒಡ್ಡಿದರು. 1990ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅಂಥ ತೊಂದರೆ ಇದ್ದ 42 ಹೆಂಗಸರಿಗೆ ನಿಸ್ಟಾಟಿನ್ ಅನ್ನುವ ಯೀಸ್ಟ್ ಔಷಧಿಯನ್ನೂ, ಸುಮ್ನೆ ಹುಸಿ ಮಾತ್ರೆಯನ್ನೂ ಸರದಿಯಲ್ಲಿ ಕೊಟ್ಟರು. ಯಾವಾಗ ಯಾವುದು ಅಂತ ಕೊಡುವವರಿಗೂ ಗೊತ್ತಿರಲಿಲ್ಲ, ತೆಗೆದುಕೊಳ್ಳುವವರಿಗೂ ಗೊತ್ತಿರಲಿಲ್ಲ. ಯೋನಿಯ ತುರಿಕೆಗೆ ಔಷಧಿ ನಿಜವಾಗಿ ಕೆಲಸ ಮಾಡಿತು. ಸುಸ್ತು, ಮಂಕಿನ ವಿಷಯದಲ್ಲಿ ಮಾತ್ರ ಔಷಧಿಗೂ ಹುಸಿ ಮಾತ್ರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಸುಸ್ತು ಸುಳ್ಳು ಅಂತ ಇದರ ಅರ್ಥವಲ್ಲ. ಅದರ ಕಾರಣ ಬೇರೆ ಕಡೆ ಇರಬಹುದು, ಥೈರಾಯ್ಡ್, ರಕ್ತಹೀನತೆ, ನಿದ್ದೆ ಹೀಗೆ. ಯೀಸ್ಟ್ ಅಂತ ಕೂತರೆ ಅದನ್ನು ಯಾರೂ ಹುಡುಕುವುದಿಲ್ಲ.

ನಿಸ್ಟಾಟಿನ್ ಹೆಸರು ಬಂದಾಗೆಲ್ಲ ನನಗೊಂದು ಖುಷಿ. ಎಲಿಜಬೆತ್ ಹೇಜನ್ ಮತ್ತು ರೇಚಲ್ ಬ್ರೌನ್ ಅನ್ನುವ ಇಬ್ಬರು ವಿಜ್ಞಾನಿಗಳು ಅದನ್ನು ಕಂಡುಹಿಡಿದು 1950ರಲ್ಲಿ ಲೋಕಕ್ಕೆ ತಿಳಿಸಿದರು. ಒಬ್ಬರು ನ್ಯೂಯಾರ್ಕ್ ನಗರದಲ್ಲಿ, ಇನ್ನೊಬ್ಬರು ಆಲ್ಬನಿಯಲ್ಲಿ. ಮಣ್ಣಿನಲ್ಲಿ ಸಿಕ್ಕ ಜೀವಿಗಳನ್ನು ಬೆಳೆಸಿ ಗಾಜಿನ ಜಾಡಿಯಲ್ಲಿ ಹಾಕಿ ಅಂಚೆಯಲ್ಲಿ ಕಳಿಸಿಕೊಳ್ಳುತ್ತಿದ್ದರು. ನ್ಯೂಯಾರ್ಕ್ ಸ್ಟೇಟ್ ಅನ್ನುವುದೇ ನಿಸ್ಟಾಟಿನ್ ಆಯಿತು. ಇರಲಿ, ದಾರಿ ತಪ್ಪಿದೆ.

ರಕ್ತದಲ್ಲಿ ಯೀಸ್ಟ್ ಸೇರುವುದು ನಿಜವಾಗಿ ಇದೆ. ನಾನು ಕಂಡಿದ್ದೇನೆ. ಐಸಿಯುನಲ್ಲಿ ವಾರಗಟ್ಟಲೆ ಮಲಗಿದವರು, ಕುತ್ತಿಗೆಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರು, ಹೊಟ್ಟೆಯ ದೊಡ್ಡ ಆಪರೇಷನ್ ಆದವರು, ಕೀಮೋದಿಂದ ಬಿಳಿ ಕಣ ಕುಸಿದವರು. ಅದು ಪ್ರಾಣಕ್ಕೆ ಅಪಾಯ. ಹಾಗಾದವರು ಇಲ್ಲಿ ಕೂತು ಪ್ರಶ್ನೆ ಬರೆಯುವ ಸ್ಥಿತಿಯಲ್ಲಿ ಇರುವುದಿಲ್ಲ. ನಿದ್ದೆಗೆಟ್ಟವರೇ, ನಿಮ್ಮ ರಕ್ತದಲ್ಲಿ ಯೀಸ್ಟ್ ಇಲ್ಲ. ಆ ಭಯ ಬಿಡಿ.

ಬ್ರೆಡ್ಡಿನ ಯೀಸ್ಟ್ ಬೇರೆ ಜಾತಿ. ಅದನ್ನು ತಿಂದರೆ ಕ್ಯಾಂಡಿಡಾ ಹೆಚ್ಚುವುದಿಲ್ಲ. ಬೆಂದ ಮೇಲೆ ಅದು ಬದುಕಿರುವುದೂ ಇಲ್ಲ.


ಅರವತ್ತೊಂದು:

ಗಂಡಸರಿಗೂ ಬರುತ್ತದೆ, ಯಾರೂ ಹೇಳುವುದಿಲ್ಲ ಅಷ್ಟೆ. ನನಗೆ ಮುಂದೊಗಲಿನ ಕೆಳಗೆ ಕೆಂಪು, ಉರಿ, ಬಿಳಿ ಕಿಟ್ಟ. ಆರು ತಿಂಗಳು ಮುಚ್ಚಿಟ್ಟುಕೊಂಡೆ. ಹೆಂಡತಿಗೂ ಹೇಳಲಿಲ್ಲ. ನನಗೆ ಸಕ್ಕರೆ ಕಾಯಿಲೆ ಇದೆ, ಆದರೆ ಹತೋಟಿಯಲ್ಲಿತ್ತು. ಅದಕ್ಕೇ ತಲೆ ಕೆಟ್ಟಿತ್ತು.

ಕೊನೆಗೆ ಗೊತ್ತಾಯಿತು, ಹೊಸದಾಗಿ ಶುರು ಮಾಡಿದ್ದ ಮಾತ್ರೆಯಿಂದ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಅಂತ ಬರುತ್ತವಲ್ಲ, ಆ ಗುಂಪು. ಅವು ರಕ್ತದ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತವೆ. ಅಂದರೆ ದಿನವಿಡೀ ಆ ಜಾಗಕ್ಕೆ ಸಕ್ಕರೆ ನೀರಿನ ಅಭಿಷೇಕ. ಯೀಸ್ಟ್‌ಗೆ ಹಬ್ಬ. ನಾನು ಸಿಟ್ಟಲ್ಲಿ ಮಾತ್ರೆ ನಿಲ್ಲಿಸಲು ಹೊರಟಿದ್ದೆ. ಡಾಕ್ಟರ್ ಬೈದರು, ಹೃದಯಕ್ಕೂ ಕಿಡ್ನಿಗೂ ಅದು ಬೇಕು ಅಂದರು. ಈಗ ಪ್ರತಿ ಸಲ ಮೂತ್ರ ಮಾಡಿದ ಮೇಲೆ ತೊಳೆದು ಒಣಗಿಸಿಕೊಳ್ಳುತ್ತೇನೆ. ಒಂದು ವಾರ ಮುಲಾಮು ಹಚ್ಚಿದೆ. ಆಮೇಲೆ ಒಂದೇ ಸಲ ಬಂದದ್ದು.

ಒಂದು ಮಾತು: ನಿಮಗೆ ಶುಗರ್ ಇಲ್ಲದಿದ್ದರೆ ಸಿಹಿ ಬಿಟ್ಟು ಆ ಜಾಗದ ಸಕ್ಕರೆ ಇಳಿಸುತ್ತೇನೆ ಅನ್ನುವುದಕ್ಕೆ ಅರ್ಥವೇ ಇಲ್ಲ. ಮೂತ್ರದಲ್ಲಿ ಸಕ್ಕರೆ ಇರುವುದೇ ಇಲ್ಲವಲ್ಲ.


ನಿದ್ದೆಗೆಟ್ಟವಳು:

ಇಷ್ಟು ಜನ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಉಗುಳಿನ ಕಥೆ ಓದಿ ನಕ್ಕೆ, ಎಷ್ಟೋ ದಿನದ ಮೇಲೆ.

ಗಾಜಿನಪಟ್ಟಿಯವರ ಪ್ರಶ್ನೆಗೆ ಉತ್ತರ. ಆಂಟಿಬಯೋಟಿಕ್: ಹೌದು. ಗೊಗ್ಗರುದನಿಯವರು ಹೇಳಿದ ಹಾಗೆ ಚೀಟಿ ಬರೆದಾಗಲೇ ನೆನಪಾದದ್ದು. ಹಲ್ಲಿನ ಬೇರಿನಲ್ಲಿ ಕೀವಾಗಿ ಎರಡು ಸಲ ಏಳೇಳು ದಿನ ನುಂಗಿದ್ದೇನೆ. ಮೊದಲನೇ ಸಲದ ತುರಿಕೆ ಅದಾಗಿ ಹತ್ತು ದಿನಕ್ಕೆ. ನಾಲ್ಕನೆಯದೂ ಹಾಗೇ. ಮಿಕ್ಕ ಮೂರಕ್ಕೆ ಏನೂ ಹೊಂದುವುದಿಲ್ಲ. ಶುಗರ್: ಎರಡನೇ ಮಗು ಹುಟ್ಟಿದಾಗ ನೋಡಿದ್ದು, ಒಂಬತ್ತು ವರ್ಷವಾಯಿತು. ಸ್ವಾಬ್: ಒಂದು ಸಲವೂ ಇಲ್ಲ.

ಟ್ಯೂಬಿನ ಮೇಲೆ ಮೂರು ಹೆಸರು ಇದೆ. ಕ್ಲೋಟ್ರಿಮಾಜೋಲ್, ಬೆಕ್ಲೋಮೆಥಾಸೋನ್, ನಿಯೋಮೈಸಿನ್. ಇದರಲ್ಲಿ ಯಾವುದು ಏನು?


ಗಾಜಿನಪಟ್ಟಿ:

ಅಂದುಕೊಂಡೆ.

ಕ್ಲೋಟ್ರಿಮಾಜೋಲ್ ಒಂದೇ ಯೀಸ್ಟ್ ಔಷಧಿ. ಬೆಕ್ಲೋಮೆಥಾಸೋನ್ ಸ್ಟೀರಾಯ್ಡ್. ರಾತ್ರಿ ಕಳೆಯುವುದರಲ್ಲಿ ಕೆಂಪು, ಉರಿ ಇಳಿಸುತ್ತಿದ್ದದ್ದು ಅದು. ಗಲಾಟೆ ಮಾಡುತ್ತಿದ್ದ ಕಾವಲುಗಾರರನ್ನೇ ಮಲಗಿಸಿಬಿಡುತ್ತದೆ. ಗಲಾಟೆ ನಿಂತಿತು ಅಂತ ನೀವು ಟ್ಯೂಬು ಒಳಗಿಡುತ್ತೀರಿ, ಯೀಸ್ಟ್ ಪೂರ್ತಿ ಹೋಗಿರುವುದಿಲ್ಲ. ಅಲ್ಲಿನ ಚರ್ಮ ತೆಳು. ಪದೇ ಪದೇ ಸ್ಟೀರಾಯ್ಡ್ ಹಚ್ಚಿದರೆ ಇನ್ನೂ ತೆಳುವಾಗಿ ಅದರಿಂದಲೇ ಉರಿಯಲು ಶುರುವಾಗುತ್ತದೆ. ನಿಯೋಮೈಸಿನ್ ಆಂಟಿಬಯೋಟಿಕ್. ಯೀಸ್ಟ್‌ಗೆ ಅದರಿಂದ ಏನೂ ಆಗುವುದಿಲ್ಲ. ಕೆಲವರಿಗೆ ಅದು ಅಲರ್ಜಿಯಾಗಿ ತುರಿಕೆ ತರುತ್ತದೆ. ಇನ್‌ಹೇಲರಿನ ಸ್ಟೀರಾಯ್ಡ್ ಗೊಗ್ಗರುದನಿಯವರ ಬಾಯಿಗೆ ಏನು ಮಾಡಿತೋ ಅದನ್ನೇ ನೀವು ಕೈಯಾರೆ ಮಾಡಿಕೊಳ್ಳುತ್ತಿದ್ದಿರಿ. ತಪ್ಪು ನಿಮ್ಮದಲ್ಲ. ಕೇಳಿದವರಿಗೆಲ್ಲ ಅದನ್ನೇ ಎತ್ತಿ ಕೊಡುತ್ತಾರೆ.

ಇನ್ನೊಂದು. ಐದೂ ಸಲ ಯೀಸ್ಟೇ ಆಗಿತ್ತು ಅಂತ ಯಾರು ಹೇಳಿದರು? 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ತಮಗೆ ಯೀಸ್ಟ್ ಅಂತ ತಾವೇ ತೀರ್ಮಾನಿಸಿ ಅಂಗಡಿಯಲ್ಲಿ ಔಷಧಿ ಕೊಂಡ 95 ಹೆಂಗಸರನ್ನು ಪರೀಕ್ಷೆ ಮಾಡಿದರು. ಮೂವರಲ್ಲಿ ಒಬ್ಬರಿಗೆ ಮಾತ್ರ ಅದು ಸರಿಯಾಗಿತ್ತು. ಮಿಕ್ಕವರಿಗೆ ಬೇರೆ ಇನ್‌ಫೆಕ್ಷನ್, ಚರ್ಮದ ಕೆರಳಿಕೆ, ಕೆಲವರಿಗೆ ಏನೂ ಇಲ್ಲ. ಸುವಾಸನೆಯ ವಾಶ್ ಇಂದೇ ನಿಲ್ಲಿಸಿ. ಹೊರಗೆ ಬರೀ ನೀರು ಸಾಕು. ಒಳಗೆ ತೊಳೆಯುವ ಕೆಲಸ ನಮ್ಮದಲ್ಲ.

ಡಾಕ್ಟರನ್ನು ಕಾಣಿ. ಮುಲಾಮು ಹಚ್ಚಿದ ಮರುದಿನ ಹೋಗಬೇಡಿ, ಲ್ಯಾಬಿನಲ್ಲಿ ಏನೂ ಬೆಳೆಯದೇ ಹೋಗಬಹುದು. ತೊಂದರೆ ಇರುವಾಗಲೇ, ಏನೂ ಹಚ್ಚದೆ ಹೋಗಿ. ಸ್ಲೈಡಿನ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ನೋಡುತ್ತಾರೆ. ಅದು ನಮ್ಮ ಜೀವಕೋಶಗಳನ್ನು ಕರಗಿಸುತ್ತದೆ, ಯೀಸ್ಟಿನ ಗೋಡೆಯನ್ನು ಕರಗಿಸುವುದಿಲ್ಲ, ಹಾಗಾಗಿ ಎದ್ದು ಕಾಣುತ್ತದೆ. ಆದರೆ ಸ್ಲೈಡಿನಲ್ಲಿ ತಪ್ಪಿಸಿಕೊಳ್ಳುವುದು ಬಹಳ. ಮತ್ತೆ ಮತ್ತೆ ಬರುವವರು ಕಲ್ಚರ್, ಅಂದರೆ ಯೀಸ್ಟನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಕೇಳಲೇಬೇಕು. ಯಾವ ಜಾತಿ ಅಂತಲೂ ಗೊತ್ತಾಗಬೇಕು. ಗ್ಲಾಬ್ರಾಟಾ ಅಂತ ಒಂದಿದೆ, ಮಾಮೂಲಿ ಮಾತ್ರೆಗೆ ಅದು ಸರಿಯಾಗಿ ಬಗ್ಗುವುದಿಲ್ಲ. ಜೊತೆಗೆ ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) ಮಾಡಿಸಿ. ಗಂಡನಿಗೆ ಲಕ್ಷಣ ಇಲ್ಲದಿದ್ದರೆ ಅವರಿಗೆ ಔಷಧಿ ಬೇಕಿಲ್ಲ. ಬಸಿರಿರುವ ಸಾಧ್ಯತೆ ಇದ್ದರೆ ಮೊದಲೇ ಹೇಳಿ, ನುಂಗುವ ಮಾತ್ರೆ ಆಗ ಕೊಡುವುದಿಲ್ಲ.


ನಿದ್ದೆಗೆಟ್ಟವಳು (ಐದು ವಾರದ ನಂತರ):

ಹೇಳಿ ಹೋಗೋಣ ಅಂತ ಬಂದೆ. ಬೇರೆ ಡಾಕ್ಟರ್ ಹತ್ತಿರ ಹೋದೆ. ಏನೂ ಹಚ್ಚದೆ ಮೂರು ದಿನ ಕಾದು ಹೋಗಿದ್ದೆ, ಅದೊಂದು ನರಕ. ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. ನನಗೆ ಅಳು ಬಂತು, ಹಾಗಾದರೆ ಇದೇನು ಅಂತ. ಎರಡು ದಿನ ಬಿಟ್ಟು ಕಲ್ಚರಿನಲ್ಲಿ ಬೆಳೆಯಿತು. ಆಲ್ಬಿಕನ್ಸೇ. ರಿಪೋರ್ಟ್ ನೋಡಿ ಖುಷಿಪಟ್ಟ ಮೊದಲ ರೋಗಿ ನಾನೇ ಇರಬೇಕು. ಬಾಲ ಬಂತಾ ಅಂತ ಲ್ಯಾಬಿನ ಹುಡುಗಿಯನ್ನು ಕೇಳಿದೆ. ಅವಳು ಒಂದು ಥರಾ ನೋಡಿದಳು.

ಎಚ್‌ಬಿಎ1ಸಿ 5.4, ಅಂದರೆ ಶುಗರ್ ಇಲ್ಲ. ಎಚ್‌ಐವಿ ಇಲ್ಲ. ಹೊರಗಿನ ಚರ್ಮ ತೆಳುವಾಗಿ ಅಲ್ಲಲ್ಲಿ ಬಿರುಕು ಬಿಟ್ಟಿದೆ, ಅದು ಟ್ಯೂಬಿನದೇ ಕೆಲಸ ಅಂದರು. ಯೀಸ್ಟ್‌ಗೆ 150 ಮಿಲಿಗ್ರಾಂ ಫ್ಲುಕೋನಜೋಲ್, ಮೂರು ದಿನಕ್ಕೊಂದರಂತೆ ಮೂರು. ಆಮೇಲೆ ವಾರಕ್ಕೊಂದು, ಆರು ತಿಂಗಳು. ಬೇರೆ ಯಾವ ಮಾತ್ರೆ ತೆಗೆದುಕೊಳ್ಳುತ್ತೀರಿ ಅಂತ ಎರಡೆರಡು ಸಲ ಕೇಳಿದರು. ಈಗ ನಾಲ್ಕನೇ ವಾರ. ರಾತ್ರಿ ನಿದ್ದೆ ಬರುತ್ತಿದೆ.

ಆದರೆ ಕಾರಣ? ಅದನ್ನು ಮೂರು ಸಲ ಕೇಳಿದೆ. ಎರಡು ಸಲ ಆಂಟಿಬಯೋಟಿಕ್ ಇರಬಹುದು, ಟ್ಯೂಬು ಒಂದಷ್ಟು ಎಳೆದಾಡಿಸಿರಬಹುದು, ಮಿಕ್ಕದ್ದಕ್ಕೆ ಕಾರಣ ಗೊತ್ತಿಲ್ಲ ಅಂದರು. ಇಷ್ಟೆಲ್ಲ ಮಾಡಿ ಗೊತ್ತಿಲ್ಲ ಅಂದರೆ ಸಿಟ್ಟು ಬರುವುದಿಲ್ವಾ?


ಗಾಜಿನಪಟ್ಟಿ:

ಬರುತ್ತದೆ. ಆದರೆ ನಿಮ್ಮ ಡಾಕ್ಟರ್ ನಿಜ ಹೇಳಿದ್ದಾರೆ. ಮತ್ತೆ ಮತ್ತೆ ಯೀಸ್ಟ್ ಬರುವ ಹೆಂಗಸರಲ್ಲಿ ಹೆಚ್ಚಿನವರಿಗೆ ಶುಗರ್ ಇರುವುದಿಲ್ಲ, ಕಾವಲು ಕುಗ್ಗಿರುವುದಿಲ್ಲ, ಕಾರಣ ಅಂತ ಬೆರಳಿಟ್ಟು ತೋರಿಸುವಂಥದ್ದು ಸಿಗುವುದಿಲ್ಲ. ಅವರ ದೇಹ ಆ ಯೀಸ್ಟ್ ಕಂಡರೆ ಬೇಗ ಕೆರಳುತ್ತದೆ ಅನ್ನುವವರೆಗೆ ಹೇಳಬಹುದು. ಕಾರಣ ಇಲ್ಲ ಅನ್ನುವ ಜಾಗದಲ್ಲೇ ಉಗುಳಿನ ಲೋಟ ಬಂದು ಕೂರುವುದು.

ಆರು ತಿಂಗಳು ಮುಗಿಸಿ ನಿಲ್ಲಿಸಿದ ಮೇಲೆ ಬಹಳ ಜನಕ್ಕೆ ಮತ್ತೆ ಬರುತ್ತದೆ. ಆಗ ಗಾಬರಿ ಬೇಡ. ಟ್ಯೂಬು ಬೇಡ. ಮೊದಲು ಸ್ವಾಬ್.


ಗೊಗ್ಗರುದನಿ:

ಅಂತೂ ನಿದ್ದೆ ಬಂತಲ್ಲ. ಸಕ್ಕರೆ ಶುರು ಮಾಡಿದ್ರಾ?


ನಿದ್ದೆಗೆಟ್ಟವಳು:

ರಿಪೋರ್ಟ್ ಬಂದ ದಿನವೇ! ಎರಡು ಕಿಲೋ ವಾಪಸ್ ಬಂದಾಯಿತು.

ಒಂದು ಕೊನೆಯ ಪ್ರಶ್ನೆ. ಮುಂದಿನ ತಿಂಗಳು ಅದೇ ಹಲ್ಲಿಗೆ ಮತ್ತೆ ಹೋಗಬೇಕು. ಮತ್ತೆ ಆಂಟಿಬಯೋಟಿಕ್ ಬರೆದರೆ ಬೇಡ ಅನ್ನಲಾ?


ಗಾಜಿನಪಟ್ಟಿ:

ಬೇಡ ಅನ್ನಬೇಡಿ. ಬೇಕಾ ಅಂತ ಕೇಳಿ. ಹಲ್ಲಿನ ಕೀವಿಗೆ ಮುಖ್ಯ ಚಿಕಿತ್ಸೆ ಕೀವು ತೆಗೆದು ಬೇರನ್ನು ಸ್ವಚ್ಛ ಮಾಡುವುದು ಅಥವಾ ಹಲ್ಲು ಕೀಳುವುದು. ಅದು ಸರಿಯಾಗಿ ಆದರೆ ಎಷ್ಟೋ ಸಲ ಮಾತ್ರೆ ಬೇಕಾಗುವುದಿಲ್ಲ. ಜ್ವರ ಇದ್ದರೆ, ಮುಖ ಊದಿದರೆ ಖಂಡಿತ ತೆಗೆದುಕೊಳ್ಳಿ. ಎರಡು ಸಲ ಹೀಗಾಯಿತು ಅಂತ ಹಲ್ಲಿನ ಡಾಕ್ಟರಿಗೆ ಹೇಳಿ, ವಾರಕ್ಕೊಂದು ಫ್ಲುಕೋನಜೋಲ್ ನಡೆಯುತ್ತಿದೆ ಅನ್ನುವುದನ್ನೂ ಹೇಳಿ. ಕೆಲವು ಆಂಟಿಬಯೋಟಿಕ್‌ಗಳಿಗೂ ಅದಕ್ಕೂ ಹೊಂದುವುದಿಲ್ಲ. ಆ ಚೀಟಿ ಬರೆದಿದ್ದಿರಲ್ಲ, ಅದನ್ನೇ ತೆಗೆದುಕೊಂಡು ಹೋಗಿ.